ಆಕೆ ಬಂದರೆ ಬಾಗಿಲು ತೆರೆಯಬೇಡ

ಮಸ್ಕಿ
೨೦-೯-೧೯೮೩

ಬಸವಿ,

ಎಲ್ಲರೂ ಮೊದಲ ಸಾಲಿನಲ್ಲಿ ಕ್ಷೇಮ ಎಂದು ಬರೆಯುತ್ತಾರೆ. ನಾನು ಬರೆಯುವುದಿಲ್ಲ, ನೀನೂ ಕೇಳಬೇಡ.

ಮೊನ್ನೆ ಲಿಂಗಸುಗೂರಿನಲ್ಲಿ ನನ್ನನ್ನು ಬಸ್ಸು ಹತ್ತಿಸುವಾಗ ನೀನು ನಿನ್ನ ಗಂಡನ ಮುಖ ನೋಡಿದ್ದನ್ನು ನಾನು ಕಂಡೆ. ಪಾಪ, ಮಗಳು ಹೋದ ಸಂಕಟದಲ್ಲಿ ಏನೇನೋ ಮಾತಾಡಿದಳು ಎನ್ನುವ ಹಾಗಿತ್ತು ಆ ನೋಟ. ಅದಕ್ಕೇ ಈ ಪತ್ರ. ನನ್ನ ತಲೆ ನೆಟ್ಟಗಿದೆ. ನಿನ್ನ ಮನೆಯ ದೇವರ ಜಗಲಿಯ ಮುಂದೆ, ನಿನ್ನ ಕೈಯನ್ನು ವಿಭೂತಿ ಗಟ್ಟಿಯ ಮೇಲೆ ಇಡಿಸಿ ನಾನು ತೆಗೆದುಕೊಂಡ ಭಾಷೆ ಭಾಷೆಯೇ. ಇನ್ನೊಮ್ಮೆ ಬರೆಯುತ್ತೇನೆ, ಓದಿಕೋ.

ನಾನು ಇನ್ನು ಮೇಲೆ ದಢೇಸುಗೂರಿಗೆ, ನನ್ನ ಅಣ್ಣ ಅಮರಗುಂಡಪ್ಪನ ಮನೆಗೆ ಹೋಗಬಾರದು. ಅಲ್ಲಿಯ ಅನ್ನ ಉಣ್ಣಬಾರದು. ಅತ್ತಿಗೆ ಉಡಿ ತುಂಬಲು ಬಂದರೆ ಸೆರಗು ಒಡ್ಡಬಾರದು. ಹೋದೆನೆಂದರೆ ಅವತ್ತಿನಿಂದ ನೀನು ನನಗೆ ಪತ್ರ ಬರೆಯಬಾರದು, ನಾನು ಬಂದರೆ ಬಾಗಿಲು ತೆರೆಯಬಾರದು. ಈ ಭಾಷೆಯಿಂದ ಬಿಡಿಸು ಎಂದು ನಾನೇ ಬಂದು ಕಾಲು ಹಿಡಿದರೂ ಬಿಡಿಸಬಾರದು.

ಯಾಕೆ ಎಂದು ನೀನು ಕೇಳಿದೆ. ಆಗ ಅಳು ಬಂದು ಹೇಳಲಾಗಲಿಲ್ಲ.

ಅಣ್ಣ ಕೊಂದ ಎಂದು ನಾನು ಹೇಳುವುದಿಲ್ಲ. ಪಂಚಮಿಯ ದಿನ ಗದ್ದೆಗೆ ನೀರು ತಿರುವಲು ಹೊರಟವನು ಸೋದರಸೊಸೆಯೆಂದು ನನ್ನ ಮಗಳನ್ನೂ ಕೈಹಿಡಿದು ಕರೆದುಕೊಂಡು ಹೋದ. ಕಾಲುವೆಯ ಏರಿಯ ಮೇಲೆ ಕೂಡಿಸಿ, 'ಇಲ್ಲೇ ಕುಂದ್ರವ್ವ, ಈಗ ಬಂದೆ' ಎಂದು ಹೇಳಿ, ನೀರಿನ ಪಾಳಿಗಾಗಿ ಮೇಲಿನ ಹೊಲದವನ ಜೊತೆ ಜಗಳವಾಡಲು ಹೋದ. ನನ್ನ ನೀಲಾ ಮಸ್ಕಿ ಹಳ್ಳದ ಕೂಸು. ನೀರೆಂದರೆ ಅವಳಿಗೆ ಉಸುಕಿನಲ್ಲಿ ತೋಡಿದ ಒರತೆ, ಹೆಚ್ಚೆಂದರೆ ಪಾದ ಮುಳುಗುವಷ್ಟು. ಉಂಡಿಯ ಬೆಲ್ಲ ಅಂಟಿದ ಕೈ ತೊಳೆಯಲು ಇಳಿದಿದ್ದಾಳೆ. ಕಾಲುವೆಗೆ ಕಲ್ಲು ಹಾಸಿದ ಇಳಿಜಾರಿದೆ, ಅದರ ಮೇಲೆ ಪಾಚಿ ಇದೆ, ಇಳಿದವರಿಗೆ ಹತ್ತಲಾಗುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಣ್ಣನಿಗೆ ಗೊತ್ತಿತ್ತು. ಅವನು ಹೇಳಲಿಲ್ಲ.

ಈಗ ಮಾತಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿ ಎದ್ದು ಹೋಗುತ್ತಾರೆ. 'ಎಲ್ಲಾ ಮರೀತದವ್ವ. ದಿನಾ ಹೋದ್ಹಾಂಗ ಮರೀತದ.' ಹಾಗೆ ಮರೆತ ಮೇಲೆ ಈ ಮನೆಯಲ್ಲಿ ಇರುವವಳು ಯಾರು ಬಸವಿ? ಅವಳು ನನ್ನ ಸೀರೆ ಉಡುತ್ತಾಳೆ, ನನ್ನ ಹೆಸರು ಹಿಡಿದು ಕರೆದರೆ ಓಗೊಡುತ್ತಾಳೆ, ನಗುತ್ತಾಳೆ. ಪಂಚಮಿಗೆ ಅಣ್ಣ ಕರೆಯಲು ಬಂದರೆ ಹೋಗಿ, ನನ್ನ ಮಗಳು ಜೀಕಿದ ಜೋಕಾಲಿಯ ಕೆಳಗೆ ಕೂತು ಉಂಡಿ ತಿನ್ನುತ್ತಾಳೆ. ಅವಳು ದಿನದಿನಕ್ಕೂ ಹತ್ತಿರ ಬರುತ್ತಿದ್ದಾಳೆ ಎಂದು ನನಗೆ ಗೊತ್ತಾಗುತ್ತದೆ. ಅಡುಗೆ ಮನೆಯಲ್ಲಿ ಒಬ್ಬಳೇ ಇದ್ದಾಗ ಹಿಂದೆ ಬಂದು ನಿಂತಂತಾಗುತ್ತದೆ.

ನಮ್ಮವರು ತಾಟು ಮುಂದಿಟ್ಟುಕೊಂಡು ಅಂಗಲಾಚುತ್ತಾರೆ. 'ಇವತ್ತು ನೀ ಉಣಲಿಲ್ಲಂದ್ರ ನಾಳೆ ಎದ್ದು ಕುಂದ್ರಾಕಿ ಯಾರು? ನಾಳಿನಾಕಿ ಮ್ಯಾಲ ಒಂದೀಟು ಕರುಣಿ ಇರಲಿ.' 'ಆಕಿ ನನಗೇನಾಗಬೇಕು?' ಎಂದು ನಾನು ಕೇಳಿದೆ. ಅರಿವೆ ಅಂಗಡಿ ನಡೆಸುವವರು ಅವರು. ದೀಪಾವಳಿಯ ಗಿರಾಕಿಗಾಗಿ ಶ್ರಾವಣದಲ್ಲೇ ಮಾಲು ತಂದಿಡುವವರು. ಅವರಿಗೆ ನನ್ನ ಮಾತು ತಿಳಿಯಲಿಲ್ಲ. ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಅತ್ತರು.

ನೀಲಾಳನ್ನು ಆ ಹೆಂಗಸಿನ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಅವಳಿಗೆ ಏನಾದರೊಂದು ಅಂಜಿಕೆ ಇರಬೇಕು. ಅಂಜಬೇಕಾದರೆ ಕಳೆದುಕೊಳ್ಳುವಂಥದ್ದು ಇರಬೇಕು. ನನ್ನ ಹತ್ತಿರ ಇನ್ನು ಉಳಿದಿರುವುದು ನೀನೊಬ್ಬಳು. ಅದಕ್ಕೇ ನಿನ್ನನ್ನೇ ಅಡ್ಡ ಇಟ್ಟಿದ್ದೇನೆ.

ಆಕೆ ಬಂದರೆ ಬಾಗಿಲು ತೆರೆಯಬೇಡ.

ನಿನ್ನ
ಪಂಪಿ


ಲಿಂಗಸುಗೂರು
೪-೧೦-೧೯೮೩

ಪಂಪಿ,

ನಿನ್ನ ಪತ್ರ ಓದಿ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ನಮ್ಮ ಕರಿಬಸಯ್ಯನವರು, ಮನೆಯಲ್ಲಿ ಇಷ್ಟು ಶಾಂತಿ ಮದುವೆಯಾದಂದಿನಿಂದ ಕಂಡಿಲ್ಲ ಎಂದರು.

ನಿಜ ಹೇಳುತ್ತೇನೆ. ನಾನು ಭಾಷೆ ಕೊಟ್ಟದ್ದು ನಿನ್ನ ಹೊಟ್ಟೆಗೆ ನಾಲ್ಕು ತುತ್ತು ಹೋಗಲಿ ಎಂದು. ಕೊಟ್ಟರೆ ಉಣ್ಣುತ್ತೇನೆ ಎಂದು ಹಟ ಹಿಡಿದು ಕೂತಿದ್ದೆಯಲ್ಲ. ಆದರೂ ಕೊಟ್ಟಿದ್ದು ಕೊಟ್ಟಿದ್ದೇ. ಅಯ್ಯನೋರ ಮನೆಯಲ್ಲಿ ವಿಭೂತಿ ಮುಟ್ಟಿ ಆಡಿದ ಮಾತನ್ನು ಗಾಳಿಗೆ ಬಿಡುವುದಿಲ್ಲ.

ಆದರೆ ನಿನ್ನ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ನಾನು ಹೊಲಿಗೆಯವಳು. ಬೆಳೆಯುವ ಹುಡುಗಿಯರಿಗೆ ಹೊಲಿಯುವಾಗ ಒಳಗೆ ಒಂದಿಷ್ಟು ಬಟ್ಟೆ ಮಡಚಿ ಬಿಟ್ಟಿರುತ್ತೇನೆ, ಬರುವ ವರ್ಷ ಬಿಚ್ಚಿಕೊಳ್ಳಲಿ ಎಂದು. ಬರುವ ವರ್ಷದ ಹುಡುಗಿ ಬೇರೆ ಯಾರೋ ಎಂದು ಯಾವ ತಾಯಿಯಾದರೂ ಬಟ್ಟೆ ಉಳಿಸಿಕೊಂಡಾಳೆಯೇ? ನೀನೂ ನಿನ್ನ ಮುಂದಿನವಳಿಗೆ ಒಂದು ಬೆರಳಿನಷ್ಟಾದರೂ ಬಿಟ್ಟು ಹೊಲಿ. ಅವಳೇನು ಕಳ್ಳಿಯಲ್ಲ. ಅವಳಿಗೂ ನೀಲಾ ಮಗಳೇ.

ಅಳತೆಗೆಂದು ನೀನು ಬಿಟ್ಟುಹೋದ ಕುಪ್ಪಸ ಮೊಳೆಗೆ ತೂಗುಹಾಕಿದ್ದೇನೆ. ಎರಡು ಹೊಲಿದಿಟ್ಟಿರುತ್ತೇನೆ, ಬಂದು ಒಯ್ಯಿ. ಬರುವಾಗ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಾ.

ನಿನ್ನವಳೇ
ಬಸವಣ್ಣೆಮ್ಮ


ಮಸ್ಕಿ
೬-೮-೧೯೮೪

ಬಸವಿ,

ಪಂಚಮಿಗೆ ಅಣ್ಣ ಬಂದಿದ್ದ. ಬರುತ್ತಾನೆಂದು ನನಗೆ ಗೊತ್ತಿತ್ತು.

ಉಂಡಿಯ ಡಬ್ಬಿ ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಾನು ಬಾಗಿಲಲ್ಲಿ ನಿಂತೆ. ಅವನೇ ಬಾಯಿ ತೆಗೆದ. 'ಒಳಗ ಕರೀಬ್ಯಾಡ ತಂಗೆವ್ವ. ನಾ ಕರೆಯಾಕ ಬಂದೀನಿ, ಅಷ್ಟ. ಬರಾಂಗಿಲ್ಲ ಅಂದ್ರ ಹೊಳ್ಳಿ ಹೋಗ್ತೀನಿ. ಮುಂದಿನ ವರ್ಸನೂ ಬರ್ತೀನಿ.'

ನಾನು ಬರುವುದಿಲ್ಲ ಎಂದೆ. ನೀರು ಬೇಕೇ ಎಂದೂ ಕೇಳಲಿಲ್ಲ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೋದ. ಸಂಜೆಯವರೆಗೂ ಅದು ಅಲ್ಲೇ ಇತ್ತು. ಆಮೇಲೆ ಪಕ್ಕದ ಮನೆಯ ಮಕ್ತುಂಬೀ ಬಂದು, 'ಇರುವಿ ತಿಂದು ಹೋಗಾಕತ್ತಾವ ಪಂಪಕ್ಕ, ಹುಡುಗರಿಗೆ ಹಂಚ್ಲೇನು?' ಎಂದಳು. ತಲೆ ಆಡಿಸಿದೆ. ಓಣಿಯ ಹುಡುಗರೆಲ್ಲ ತಿಂದರು. ನೀಲಾ ಇದ್ದರೆ ಈ ವರ್ಷ ಶಾಲೆಗೆ ಹೋಗುವವಳು, ಅವರ ನಡುವೆಯೇ ಇರುತ್ತಿದ್ದಳು.

ಅಣ್ಣ ಸೊರಗಿದ್ದಾನೆ. ನೋಡಿ ನನಗೆ ಸಂತೋಷವಾಯಿತು. ಇದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳಲಾರೆ.

ಬಟ್ಟೆ ಬಿಟ್ಟು ಹೊಲಿ ಎಂದು ಬರೆದಿದ್ದೆ. ನನ್ನ ಬಟ್ಟೆ ಕಾಲುವೆಯಲ್ಲೇ ಮುಗಿದಿದೆ ಬಸವಿ. ಹೊಟ್ಟೆಯಲ್ಲಿ ಇನ್ನೊಂದು ಕೂಸಿದೆ. ಎಲ್ಲರಿಗೂ ಸಂಭ್ರಮ. ನನಗೆ ಮಾತ್ರ ಆ ಹೆಂಗಸು ಇನ್ನೊಂದು ಹೆಜ್ಜೆ ಹತ್ತಿರ ಬಂದಳು ಎನಿಸುತ್ತದೆ.

ಪಂಪಿ


ಲಿಂಗಸುಗೂರು
೧೨-೫-೧೯೮೮

ಪಂಪಿ,

ನಮ್ಮ ಮೆಹರಬಾನುವಿನ ತಂಗಿಯ ಮದುವೆಗೆ ಸಿಂಧನೂರಿಗೆ ಹೋಗಿ, ನಾವು ಮೂವರೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತ ಹಾಗೆ ಕೂತು ಉಂಡು, ಮನೆಗೆ ಬಂದ ಮೇಲೆ ಒಂದು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

ಮದುಮಗನ ಮುಖದಿಂದ ಮೊಣಕಾಲಿನವರೆಗೆ ಇಳಿಬಿದ್ದ ಹೂವಿನ ಸೆಹರಾಕ್ಕೆ ಆಡು ಬಾಯಿ ಹಾಕಿತಲ್ಲ, ಅವನು ಕುದುರೆಯ ಮೇಲಿಂದ ಅದನ್ನು ಜಗ್ಗುತ್ತಿದ್ದ, ಕೆಳಗಿನಿಂದ ಆಡು ಜಗ್ಗುತ್ತಿತ್ತು. ಆಗ ನೀನು ನಕ್ಕೆ. ಬಾಯಿಗೆ ಸೆರಗು ಹಿಡಿದು ನಗುವ ನಗುವಲ್ಲ. ಕಣ್ಣಲ್ಲಿ ನೀರು ಬರುವ ಹಾಗೆ, ನಿನ್ನ ಮಗ ವಿರುಪನನ್ನು ನನ್ನ ತೊಡೆಯ ಮೇಲೆ ಹಾಕಿ, ಗೋಡೆ ಹಿಡಿದುಕೊಂಡು ನಕ್ಕೆ. ನನಗೆ ಆನಂದವಾಯಿತು. ಮರುಗಳಿಗೆಯೇ ನಿನ್ನ ಮೊದಲ ಪತ್ರ ನೆನಪಾಯಿತು. ನೀನು ಅಂಜುತ್ತಿದ್ದ ಆ ಹೆಂಗಸನ್ನು ನಾನು ಮೊದಲ ಸಲ ಕಣ್ಣಾರೆ ಕಂಡೆ. ಬಹಳ ಚೆನ್ನಾಗಿದ್ದಾಳೆ ಪಂಪಿ. ಅವಳನ್ನು ದ್ವೇಷಿಸುವುದು ನನ್ನಿಂದ ಆಗುವುದಿಲ್ಲ.

ಹೇಳಬಾರದಿತ್ತೇನೋ. ಹೇಳಿಬಿಟ್ಟೆ.

ಬಸವಿ


ಮಸ್ಕಿ
೨೨-೫-೧೯೮೮

ಬಸವಿ,

ನೀನು ಕಂಡಿದ್ದು ಸುಳ್ಳಲ್ಲ. ಅವಳು ಬಂದಿದ್ದಾಳೆ.

ಮದುವೆಯಿಂದ ಬಂದ ಮರುದಿನ ಪಾತ್ರೆ ತೊಳೆಯುತ್ತಾ ನೀಲಾಳ ದನಿ ನೆನಪಿಸಿಕೊಳ್ಳಲು ನೋಡಿದೆ. ಮುಖ ಬಂತು, ಜಡೆ ಬಂತು, ಮೊಣಕಾಲಿನ ಗಾಯದ ಕಲೆ ಬಂತು. ದನಿ ಬರಲಿಲ್ಲ. 'ನಿನ್ನ ಹೆಸರೇನವ್ವ?' ಎಂದು ಯಾರಾದರೂ ಕೇಳಿದರೆ ತಲೆ ಒಂದು ಕಡೆ ವಾಲಿಸಿ ಹೇಳುತ್ತಿದ್ದಳಲ್ಲ. ಅವಳ ನಾಲಿಗೆಗೆ 'ಲ' ಹೊರಳುತ್ತಿರಲಿಲ್ಲ, ಅಷ್ಟು ಗೊತ್ತಿದೆ. ಹೊರಳದೆ ಏನೆನ್ನುತ್ತಿದ್ದಳು? ಅದು ಹೋಗಿದೆ. ನಮ್ಮವರನ್ನು ಕೇಳಿದೆ. ಅವರೂ ಬಹಳ ಹೊತ್ತು ಯೋಚಿಸಿ, 'ಮುದ್ದಾಗಿ ಅಂತಿದ್ಳು' ಎಂದರು. ಮುದ್ದಾಗಿ! ಅದೂ ಒಂದು ಉತ್ತರವೇ? ಸಿಟ್ಟಿಗೆ ಕೈಯಲ್ಲಿದ್ದ ಚರಿಗೆ ಒಗೆದೆ. ವಿರುಪ ಅತ್ತ.

ಅಣ್ಣನ ಬಾಗಿಲು ಮುಚ್ಚಿಟ್ಟರೆ ನೀಲಾ ಒಳಗೆ ಉಳಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೇರೆ ಯಾವುದೋ ದಾರಿಯಿಂದ ಹೋಗುತ್ತಿದ್ದಾಳೆ.

ಭಾಷೆ ಮಾತ್ರ ಮರೆಯಬೇಡ. ಈಗಲೇ ಅದು ಬೇಕಾಗಿರುವುದು. ಮುಂದೆ ನಾನು ಎಷ್ಟು ಚೆಂದ ಮಾತಾಡಿದರೂ ನಂಬಬೇಡ.

ಪಂಪಿ


ಮಸ್ಕಿ
೨೫-೭-೧೯೯೬

ಪ್ರೀತಿಯ ಬಸವಿ,

ಇಲ್ಲಿ ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆ. ಮಂಡಿನೋವಿಗೆ ನೀನು ಹೇಳಿದ ಎಣ್ಣೆ ಹಚ್ಚುತ್ತಿದ್ದೇನೆ, ವಾಸನೆಗೆ ನಮ್ಮವರು ಅಂಗಡಿಯಲ್ಲೇ ಊಟ ತರಿಸಿಕೊಳ್ಳುತ್ತಿದ್ದಾರೆ. ವಿರುಪ ಕ್ರಿಕೆಟ್ ಆಡಿ ಮಕ್ತುಂಬೀ ಮನೆಯ ಹಂಚು ಒಡೆದ.

ಒಂದು ಮಾತು ಕೇಳಬೇಕು. ಕೇಳಲು ಹೆದರಿಕೆಯಾಗಿ ಎರಡು ಕಾಗದ ಹರಿದು ಹಾಕಿದೆ.

ಅಣ್ಣನಿಗೆ ಲಕ್ವಾ ಹೊಡೆದಿದೆ. ಬಲಗಡೆ ಕೈಕಾಲು ಬಿದ್ದುಹೋಗಿವೆ, ಮಾತು ಹೋಗಿದೆ. ಅವನ ಮಗ ಬಂದು ಹೇಳಿದ. 'ಪಂಚಮಿಗೆ ಅಪ್ಪ ಬರಾಕ ಆಗಾಂಗಿಲ್ಲ ಅತ್ತಿ. ಅದಕ ನಾನ ಬಂದೀನಿ.' ಅವನ ಕೈಯಲ್ಲೂ ಡಬ್ಬಿ. ಪ್ರತಿ ವರ್ಷ ಅಣ್ಣ ಬಂದು ಅಂಗಳದಲ್ಲಿ ನಿಂತು ಹೋಗುತ್ತಿದ್ದ. ಬರುತ್ತಾನೆಂದು ಗೊತ್ತಿದ್ದರಿಂದಲೇ ನಾನು ಬಾಗಿಲಲ್ಲಿ ನಿಂತು ಇಲ್ಲ ಎನ್ನುತ್ತಿದ್ದೆ. ಅವನು ಬರದಿದ್ದಾಗ ಯಾರಿಗೆ ಇಲ್ಲ ಎನ್ನಲಿ?

ಬಸವಿ, ನನಗೆ ಹೋಗಬೇಕು. ಅವನ ಪಕ್ಕದಲ್ಲಿ ಕೂಡಬೇಕು. ಸಿಟ್ಟನ್ನು ಹುಡುಕಿದೆ, ಸಿಗಲಿಲ್ಲ. ಯಾವಾಗ ಹೋಯಿತೋ ಗೊತ್ತಿಲ್ಲ, ಹೇಳದೆ ಹೋಗಿದೆ.

ನನ್ನ ಭಾಷೆಯಿಂದ ನನ್ನನ್ನು ಬಿಡಿಸು. ಒಂದು ಸಾಲು ಬರೆದರೆ ಸಾಕು.

ನಿನ್ನ
ಪಂಪಿ


ಲಿಂಗಸುಗೂರು
೩೧-೭-೧೯೯೬

ಪಂಪಿ,

ನಿನ್ನ ಪತ್ರದ ಮೊದಲ ಸಾಲಿನಲ್ಲೇ ನಾನು ತಡೆದು ನಿಂತೆ. ಕ್ಷೇಮ ಎಂದು ಬರೆದಿದ್ದೀಯಲ್ಲ. ಮುಂದಿನದನ್ನು ಓದುವ ಮೊದಲೇ ನನಗೆ ತಿಳಿಯಿತು.

ಅಮರಗುಂಡಣ್ಣನ ಸುದ್ದಿ ಕೇಳಿ ಸಂಕಟವಾಯಿತು. ಆದರೆ ಆ ಒಂದು ಸಾಲು ನನ್ನಿಂದ ಬರೆಯಲಾಗುತ್ತಿಲ್ಲ.

ನಮ್ಮವರು ಹೇಳುತ್ತಾರೆ, 'ಭಾಷಿ ಕೊಟ್ಟಾಕಿ ನೀನು, ತಗೊಂಡಾಕಿ ಆಕಿ. ತಗೊಂಡಾಕೀನ ಬ್ಯಾಡ ಅಂದ ಮ್ಯಾಲ ಮುಗೀತಲ್ಲ, ನಿಂದೇನು ನಡುವ?' 'ತಗೊಂಡಾಕಿ ಎಲ್ಲದಾಳ್ರಿ ಕೇಳಾಕ?' ಎಂದೆ.

ನಿನಗೆ ಗೊತ್ತಿಲ್ಲದ ಮಾತು ಹೇಳುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ ಓಣಿಯಲ್ಲಿ ಸದ್ದಡಗಿದಾಗ ನಾನು ಬಾಗಿಲ ಹತ್ತಿರ ಮಿಷನ್ನು ತುಳಿಯುತ್ತಾ ಕೂತಿರುತ್ತೇನೆ. ಹೊಸ್ತಿಲ ಮೇಲೆ ಯಾರೋ ಕೂತ ಹಾಗಾಗುತ್ತದೆ. ತಲೆ ಎತ್ತಿ ನೋಡುವುದಿಲ್ಲ, ಯಾರೆಂದು ನನಗೆ ಗೊತ್ತು. ಕೂದಲು ಬಿಚ್ಚಿದೆ, ಕಣ್ಣು ಒಣಗಿವೆ, ತುಟಿ ಒಡೆದಿದೆ. 'ಮರ್ತಿಲ್ಲಲ್ಲ ಬಸವಿ?' ಎನ್ನುತ್ತಾಳೆ. ಮರೆತಿಲ್ಲ ಎನ್ನುತ್ತೇನೆ. ಮಿಷನ್ನು ನಿಂತಿರುತ್ತದೆ. ನೀನು ಮುಂದೆ ಹೋಗಿಬಿಟ್ಟೆ ಪಂಪಿ. ಹೋಗುವಾಗ ಅವಳನ್ನು ನನ್ನ ಮನೆಯಲ್ಲಿ ಬಿಟ್ಟು ಹೋದೆ. ಇಷ್ಟು ವರ್ಷ ನಾನು ಅವಳನ್ನು ಇಟ್ಟುಕೊಂಡಿದ್ದೇನೆ. ಅವಳಿಗೆ ನಾನಲ್ಲದೆ ಯಾರೂ ಇಲ್ಲ.

ಅವಳು ಏನೇನು ಹೇಳಿದ್ದಳೋ ಎಲ್ಲ ಹಾಗೇ ಆಗುತ್ತಿದೆ. ನೀನು ಬಿಡಿಸು ಎಂದು ಬರುತ್ತೀಯೆಂದಿದ್ದಳು, ಬಂದೆ. ಚೆಂದ ಮಾತಾಡುತ್ತೀಯೆಂದಿದ್ದಳು, ಆಡಿದೆ. ಬಿಡಿಸಬೇಡ ಎಂದೂ ಹೇಳಿದ್ದಳು.

ನಾನೇನು ಮಾಡಲಿ?

ಬಸವಿ


ಮಸ್ಕಿ
೬-೮-೧೯೯೬

ಬಸವಣ್ಣೆಮ್ಮನಿಗೆ,

ನೀನು ನನ್ನ ಗೆಳತಿಯೋ ಅಥವಾ ಅವಳ ಕಾವಲಿನವಳೋ?

ಅವಳು ಅವಳು ಎನ್ನುತ್ತೀಯಲ್ಲ, ಅವಳಿಗೆ ಮಂಡಿನೋವಿಲ್ಲ, ಮಗನಿಲ್ಲ, ಹಾಸಿಗೆ ಹಿಡಿದ ಅಣ್ಣನಿಲ್ಲ. ಇದೆಲ್ಲ ಇರುವುದು ನನಗೆ. ದಿನ ಬೆಳಗಾದರೆ ಏಳಬೇಕಾದವಳು ನಾನು. ಬಡ್ಡಿಸಾಹುಕಾರ ಅಪ್ಪನ ಸಾಲಕ್ಕೆ ಮಗನನ್ನು ಜೀತಕ್ಕೆ ಇಟ್ಟುಕೊಂಡ ಹಾಗೆ ಅವಳು ನನ್ನನ್ನು ಜೀತಕ್ಕೆ ಇಟ್ಟು ಹೋಗಿದ್ದಾಳೆ. ನನ್ನನ್ನೊಂದು ಮಾತು ಕೇಳಿದಳೇ? 'ಆಕಿ ನನಗೇನಾಗಬೇಕು' ಎಂದು ನಮ್ಮವರ ಮುಂದೆ ಅಂದಿದ್ದಳಲ್ಲ, ನೆನಪಿದೆ. ಉಪವಾಸ ಕೆಡವಿ ನನ್ನ ಹೊಟ್ಟೆ ಹಾಳು ಮಾಡಿದಳು, ಇವತ್ತಿಗೂ ಖಾರ ತಿಂದರೆ ಉರಿಯುತ್ತದೆ. ಅದನ್ನೂ ನಾನೇ ಉಣ್ಣುತ್ತಿದ್ದೇನೆ.

ಇಷ್ಟಾದರೂ ಅವಳ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಪಾಪ ಎನಿಸುತ್ತದೆ. ಅವಳಿಗೆ ನನ್ನ ಮೇಲೆ ಕರುಣೆ ಇರಲಿಲ್ಲ, ನನಗೆ ಅವಳ ಮೇಲಿದೆ. ಇದನ್ನಾದರೂ ಲೆಕ್ಕಕ್ಕೆ ಹಿಡಿ.

ನಿನ್ನನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಅವಳು ನಿನ್ನನ್ನು ಅಡ್ಡ ಇಟ್ಟದ್ದು ಬಹಳ ತಿಳಿವಳಿಕೆಯಿಂದ. ಆದರೆ ನಾನು ಪಂಚಮಿಗೆ ಹೋಗುತ್ತೇನೆ.

ಪಂಪಮ್ಮ


ಲಿಂಗಸುಗೂರು
೧೨-೮-೧೯೯೬

ಪಂಪಿ,

ಹೋಗು. ನೀನು ಹೋಗುವುದು ತಪ್ಪು ಎಂದು ನಾನು ಹೇಳುವುದಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಹೋಗುತ್ತಿದ್ದೆ.

ಆದರೆ ಇದು ನನ್ನ ಕೊನೆಯ ಪತ್ರ. ಇದನ್ನು ಬರೆಯುವಾಗ ಅತ್ತಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಇನ್ನು ಬಾಗಿಲಿಗೆ ಬರಬೇಡ, ನಾನು ತೆರೆಯದೆ ಕೂತರೆ ಇಬ್ಬರಿಗೂ ಸಂಕಟ. ಅಣ್ಣನಿಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕೈ ತಿಕ್ಕು, ರಕ್ತ ಓಡಾಡುತ್ತದೆ.

ಬಸವಿ


ದಢೇಸುಗೂರು
೨೫-೮-೧೯೯೬

ಬಸವಿ,

ನೀನು ಉತ್ತರ ಬರೆಯುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಓದಬಾರದು ಎಂದೇನೂ ಅವಳು ಹೇಳಿರಲಿಲ್ಲ.

ಬಸ್ಸಿನಿಂದ ಇಳಿದು ಕಾಲುವೆಯ ಏರಿಯ ಮೇಲೆಯೇ ನಡೆದು ಬಂದೆ. ಬೇರೆ ದಾರಿಯಿಲ್ಲ. ಎರಡೂ ಕಡೆ ನಾಟಿ ನಡೆದಿತ್ತು, ಹೆಂಗಸರು ಬಗ್ಗಿದವರು ಒಮ್ಮೆ ಎದ್ದು ನನ್ನನ್ನು ನೋಡಿ ಮತ್ತೆ ಬಗ್ಗಿದರು. ನೀರು ತುಂಬಿ ಹೋಗುತ್ತಿತ್ತು, ಸದ್ದೇ ಇಲ್ಲ. ನಮ್ಮ ಹಳ್ಳಕ್ಕೆ ಎಷ್ಟು ಸದ್ದಿದೆ. ಸದ್ದಿಲ್ಲದ ನೀರನ್ನು ನನ್ನ ಮಗಳು ಹೇಗೆ ತಿಳಿಯಬೇಕು?

ಮನೆಯಲ್ಲಿ ಜೋಕಾಲಿ ಕಟ್ಟಿರಲಿಲ್ಲ. ಆ ವರ್ಷದಿಂದ ಅಣ್ಣ ಆ ಮನೆಯಲ್ಲಿ ಜೋಕಾಲಿ ಕಟ್ಟಗೊಟ್ಟಿಲ್ಲವಂತೆ. ಅವನ ಮಕ್ಕಳು ಪಂಚಮಿಗೆ ಬೇರೆಯವರ ಮನೆಗೆ ಹೋಗಿ ಜೀಕಿದರಂತೆ. ತೊಲೆಗೆ ಹಗ್ಗದ ಗುರುತು ಮಾತ್ರ ಇದೆ.

ಅವನು ಪಡಸಾಲೆಯಲ್ಲಿ ಮಲಗಿದ್ದ. ಬಾಯಿ ಒಂದು ಕಡೆ ಎಳೆದಿದೆ. ನಾನು ಕೂತು ಕೈ ಹಿಡಿದೆ. ನನ್ನನ್ನು ನೋಡಿದ, ಕಣ್ಣಲ್ಲಿ ನೀರು ಬಂತು. ಆಮೇಲೆ ಬಹಳ ಕಷ್ಟಪಟ್ಟು ಒಂದು ಮಾತು ಆಡಿದ.

'ನೀಯಾ.'

ಅತ್ತಿಗೆ ಹೇಳಿದಳು. 'ಲಕ್ವಾ ಹೊಡದಾಗಿಂದ ಇದೊಂದ ಮಾತು ಉಳದೈತಿ ನಾದಿನಿ. ನೀರು ಬೇಕಂದ್ರೂ ಇದ, ಹಸಿವಾದ್ರೂ ಇದ, ನನ್ನ ಕರಿಯಾಕೂ ಇದ. ನಮಗ ತಿಳೀವಲ್ದು.'

ನನಗೆ ತಿಳಿಯಿತು ಬಸವಿ. 'ನಿನ್ನ ಹೆಸರೇನವ್ವ?' ಎಂದರೆ ತಲೆ ವಾಲಿಸಿ ನನ್ನ ಮಗಳು ಹೇಳುತ್ತಿದ್ದುದು ಅದೇ. 'ನೀಯಾ.' ನಾಲಿಗೆ ಹೊರಳದೆ ಅಣ್ಣ ಹಾಗೆ ಅನ್ನುತ್ತಾನೋ, ಅವಳು ಅನ್ನುತ್ತಿದ್ದ ಹಾಗೆಯೇ ಅನ್ನುತ್ತಾನೋ, ಆ ದೇವರಿಗೇ ಗೊತ್ತು. ನಾನು ಪಾತ್ರೆ ತೊಳೆಯುತ್ತಾ ಹುಡುಕಿದ ದನಿ ಇಲ್ಲಿ, ಈ ಸೊಟ್ಟ ಬಾಯಿಯಲ್ಲಿ ಇತ್ತು. ಪ್ರತಿ ಪಂಚಮಿಗೆ ನನ್ನ ಅಂಗಳದವರೆಗೆ ಬಂದು ಹೊಳ್ಳಿ ಹೋಗುತ್ತಿತ್ತು.

ಅತ್ತಿಗೆ ಉಡಿ ತುಂಬಿದಳು. ಸೆರಗು ಒಡ್ಡಿದೆ. ಜೋಳದ ರೊಟ್ಟಿ, ಪುಂಡಿಪಲ್ಯ ಉಂಡೆ. ಅಣ್ಣನಿಗೆ ನಾನೇ ಕಿವುಚಿ ಉಣಿಸಿದೆ.

ನೀನು ಹೇಳಿದ ಹಾಗೆ ಕೈ ತಿಕ್ಕುತ್ತಿದ್ದೇನೆ. ಬೆರಳು ಸ್ವಲ್ಪ ಮಡಚುತ್ತಾನೆ.

ಪಂಪಿ


ಲಿಂಗಸುಗೂರು
೩-೧೦-೧೯೯೬

ಆ ವರ್ಷದ ಪಂಪಿಗೆ,

ಇದನ್ನು ಯಾವ ವಿಳಾಸಕ್ಕೆ ಹಾಕಬೇಕೋ ನನಗೆ ಗೊತ್ತಿಲ್ಲ. ಮಸ್ಕಿಯ ಅರಿವೆ ವ್ಯಾಪಾರಿ, ನಿನ್ನ ಗಂಡ ಜಂಬಣ್ಣನವರ ಮನೆ ಎಂದು ಬರೆದರೆ ಅದು ಆಕೆಯ ಕೈಗೆ ಹೋಗುತ್ತದೆ, ನಿನಗೆ ತಲುಪುವುದಿಲ್ಲ. ಬರೆದು ಮಿಷನ್ನಿನ ಖಾನೆಯಲ್ಲಿಡುತ್ತೇನೆ. ನೀನು ಕೂರುವ ಜಾಗದಿಂದ ಕೈಗೆ ಎಟಕುತ್ತದೆ.

ಇವತ್ತು ಮಧ್ಯಾಹ್ನ ಆಕೆ ಬಂದಳು.

ಬಾಗಿಲು ಬಡಿದ ರೀತಿಯಲ್ಲೇ ಗೊತ್ತಾಯಿತು. ಎದ್ದು ಹೋಗಿ ಅಗುಳಿಯ ಮೇಲೆ ಕೈಯಿಟ್ಟು ನಿಂತೆ. 'ಯಾರು?' ಎಂದೆ. 'ನಾನ ಬೇ, ಪಂಪಿ' ಎಂದಳು. ಆ ದನಿಯಲ್ಲಿ ನಿನ್ನನ್ನು ಹುಡುಕಿದೆ. ಇದ್ದೆಯೋ ಇಲ್ಲವೋ ಹೇಳಲಾರೆ. 'ತೆರಿಯಾಂಗಿಲ್ಲ. ನಿನಗ ಗೊತ್ತೈತಿ' ಎಂದೆ. ಅವಳು, 'ತೆರೀಬ್ಯಾಡ ಅಂದಾಕೀನೂ ನಾನ, ತೆರಿ ಅನ್ನಾಕತ್ತಾಕೀನೂ ನಾನ. ಯಾರ ಮಾತು ಕೇಳ್ತೀಯೋ ಕೇಳು. ನಾ ಇಲ್ಲೇ ಕಟ್ಟಿ ಮ್ಯಾಲ ಕುಂತಿರ್ತೀನಿ' ಎಂದಳು. ಅವಳು ಕೂತದ್ದು, ಮಂಡಿನೋವಿಗೆ 'ಅಯ್ಯವ್ವಾ' ಎಂದದ್ದು ಕೇಳಿಸಿತು.

ನಾನು ಒಳಗೆ ಬಂದು ವಿಭೂತಿ ಗಟ್ಟಿಯ ಮುಂದೆ ಕೂತೆ. ಇಷ್ಟು ವರ್ಷ ದಿನವೂ ಬಂದು 'ಮರ್ತಿಲ್ಲಲ್ಲ?' ಎಂದು ಕೇಳುತ್ತಿದ್ದವಳು ನೀನು. ಇವತ್ತು ಮೊದಲ ಸಲ ನಾನೇ ನಿನ್ನನ್ನು ಕೇಳಿದೆ. ಏನು ಮಾಡಲಿ ಪಂಪಿ? ನೀನು ಮಾತಾಡಲಿಲ್ಲ. ಹೊಸ್ತಿಲ ಕಡೆ ನೋಡಿದೆ, ಬರೀ ಬಿಸಿಲಿತ್ತು.

ಆಮೇಲೆ ನಾನೇ ಯೋಚಿಸಿದೆ. ನೀನು ಭಾಷೆ ತೆಗೆದುಕೊಂಡದ್ದು ಅಣ್ಣನ ಮೇಲಿನ ಸಿಟ್ಟಿಗಲ್ಲ. ನೀಲಾ ಹೋಗಬಾರದು ಎಂದು. ಬಾಗಿಲು ಮುಚ್ಚಿದರೆ ಅವಳು ಉಳಿಯುತ್ತಾಳೆ ಎಂದು ನೀನು ತಿಳಿದೆ, ನಾನೂ ಮುಚ್ಚಿ ಹಿಡಿದೆ. ಆದರೆ ಆಕೆ ದಢೇಸುಗೂರಿನಿಂದ ಬರೆದದ್ದನ್ನು ಓದಿದ್ದೇನೆ, ನೀಲಾ ಉಳಿದದ್ದು ನಾವು ಮುಚ್ಚಿದ ಬಾಗಿಲ ಆಚೆಗೆ, ಅಣ್ಣನ ಬಾಯಲ್ಲಿ. ನೀನು ಕಳೆದುಕೊಂಡಿದ್ದನ್ನು ಆಕೆ ತಂದಿದ್ದಾಳೆ, ಮಂಡಿನೋವಿನಲ್ಲಿ ಬಸ್ಸು ಹತ್ತಿ ಇಳಿದು ತಂದಿದ್ದಾಳೆ. ಅಂಥವಳನ್ನು ಕಟ್ಟೆಯ ಮೇಲೆ ಕೂಡಿಸಲೇ?

ಅಗುಳಿ ತೆಗೆದೆ.

ಒಳಗೆ ಬಂದವಳು ನೀರು ಕುಡಿದು, ಚೀಲದಿಂದ ಒಂದು ಕುಪ್ಪಸದ ಕಣ ತೆಗೆದು ಮಿಷನ್ನಿನ ಮೇಲಿಟ್ಟಳು. ಹಸಿರು ಕಣ, ಕೆಂಪು ಅಂಚು. ದಢೇಸುಗೂರಿನ ಉಡಿಯಲ್ಲಿ ಬಂದದ್ದು. 'ಕುಬಸ ಹೊಲಿದು ಕೊಡು' ಎಂದಳು. ಮೊಳೆಯ ಮೇಲೆ ನಿನ್ನ ಅಳತೆಯ ಕುಪ್ಪಸ ಇನ್ನೂ ತೂಗುತ್ತಿದೆ. ಅವಳೇ ಎದ್ದು ಹೋಗಿ ಅದನ್ನು ಮುಟ್ಟಿ ನೋಡಿದಳು. ತೋಳಿನಲ್ಲಿ ಕೈ ಹಾಕಿದಳು, ಮೊಣಕೈಗೇ ನಿಂತಿತು. 'ಎಷ್ಟು ಸಣ್ಣಾಕಿ ಇದ್ಳು ಬೇ' ಎಂದಳು. ಮತ್ತೆ ಜೋಪಾನವಾಗಿ ಮೊಳೆಗೆ ಹಾಕಿದಳು.

ನಾನು ಟೇಪು ತೆಗೆದುಕೊಂಡು ಹೊಸದಾಗಿ ಅಳತೆ ತೆಗೆದೆ. ಹೆಗಲು, ಎದೆ, ತೋಳು. ಮುಟ್ಟಿದಾಗ ಬೇರೆ ಯಾರನ್ನೋ ಮುಟ್ಟಿದ ಹಾಗಿತ್ತು. ಹೆಗಲ ಹಿಂದಿನ ಮಚ್ಚೆ ಮಾತ್ರ ನಿನ್ನದು. 'ಒಳಗ ಬಟ್ಟಿ ಬಿಡ್ಲೇನು?' ಎಂದು ಕೇಳಿದೆ. 'ಬಿಡು. ಬರೋ ವರ್ಸದಾಕಿ ಹ್ಯಾಂಗಿರ್ತಾಳೋ, ಆಕಿಗೂ ಆಗಲಿ' ಎಂದು ನಕ್ಕಳು. ಆ ನಗುವಿಗೆ ನಾನೂ ನಕ್ಕೆ. ನಗುತ್ತಿದ್ದಂತೆಯೇ ಅಳು ಬಂತು. ಹಾಸಿಗೆ ಹಿಡಿದ ಅಣ್ಣನನ್ನು ನೆನೆದು ನಾನು ಅತ್ತೆ ಎಂದು ಅವಳು ತಿಳಿದಳು. ನಾನು ಅತ್ತದ್ದು ನಿನಗಾಗಿ.

ಈಗ ಅವಳು ಅಡುಗೆ ಮನೆಯಲ್ಲಿ ನಮ್ಮವರಿಗೆ ರೊಟ್ಟಿ ಬಡಿಯುತ್ತಾ, ನಿನ್ನ ಮಗಳು ಹೇಗೆ ಹೆಸರು ಹೇಳುತ್ತಿದ್ದಳೆಂದು ತೋರಿಸುತ್ತಿದ್ದಾಳೆ. ತಲೆ ವಾಲಿಸಿ, 'ನೀಯಾ.' ಬಡಿಯುವ ಸದ್ದಿನ ನಡುವೆ ಅದು ನನಗಿಲ್ಲಿಗೆ ಕೇಳಿಸುತ್ತಿದೆ. ನಿನಗೂ ಕೇಳಿಸುತ್ತಿದ್ದರೆ ಎಷ್ಟು ಚೆನ್ನಾಗಿತ್ತು.

ಸಂಜೆ ತಿರುಗುವ ಹೊತ್ತಾಯಿತು, ಹೊಸ್ತಿಲ ಮೇಲೆ ಯಾರೂ ಇಲ್ಲ. ಮಿಷನ್ನು ನಿಲ್ಲಿಸಿ ಎರಡು ಸಲ ನೋಡಿದೆ. ನಾನು ಮಾತು ಮುರಿದೆ ಪಂಪಿ. ಅಯ್ಯನೋರ ಮನೆಯಲ್ಲಿ ವಿಭೂತಿ ಮುಟ್ಟಿ ಕೊಟ್ಟ ಮಾತು ಮುರಿದೆ. ನಿನಗೆ ಸಿಟ್ಟು ಬರಬೇಕು. ಕೂದಲು ಬಿಚ್ಚಿಕೊಂಡೇ ಬಾ, ಹೊಸ್ತಿಲ ಮೇಲೆ ಕೂತು ನನ್ನನ್ನು ಬೈ, ಓಣಿ ಕೂಡುವ ಹಾಗೆ ಜಗಳವಾಡು. ಹಾಗಾದರೂ ಒಂದು ಸಲ ಬಾ.

ನಿನ್ನವಳೇ
ಬಸವಿ